ಚೈತ್ರದ ಹಂದರದಲ್ಲಿ ಎಳೆ ಎಣಿಸಿ ಹೊಲಿದ ಸೀರೆ

ಮದುಮಗಳ ಉಡುಪನ್ನು ಅವಳ ಅಭಿರುಚಿಗೂ ಬದುಕಿನ ಗುರುತುಗಳಿಗೂ ತಕ್ಕಂತೆ ಮಾಡಿಸಿಕೊಡುವುದು ನಗರದ ಬೊಟಿಕ್‌ಗಳಲ್ಲಿ ಈಗ ಹೊಸ ಸೇವೆಯೆಂಬಂತೆ ಮಾರಾಟವಾಗುತ್ತಿದೆಯಾದರೂ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಸೀಮೆಗೆ ಅದು ಎಂದೂ ಹೊಸತಾಗಿರಲಿಲ್ಲ. ಮಗ್ಗದಿಂದ ಇಳಿದ ಇಳಕಲ್ ಸೀರೆಯನ್ನು ಅಲ್ಲಿನ ಅನುಕೂಲಸ್ಥ ಮನೆಗಳು ಅರ್ಧ ಮುಗಿದ ಸೀರೆಯೆಂದೇ ಎಣಿಸುತ್ತಿದ್ದವು. ಉಳಿದರ್ಧವನ್ನು ತಾಯಿ, ಸೋದರತ್ತೆ, ಓಣಿಯ ಗೆಳತಿಯರು ಸೂಜಿ ಹಿಡಿದು ಪೂರೈಸಬೇಕಿತ್ತು. ಹೀಗೆ ಪೂರೈಸಿದ ಸೀರೆಯ ಸೆರಗಿನಲ್ಲಿ ತೇರು, ಗೋಪುರ, ತುಳಸಿ ಬೃಂದಾವನ, ಅಂಬಾರಿ ಹೊತ್ತ ಆನೆಗಳು ಕಾಣಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಚೈತ್ರದಲ್ಲಿ ಧಾರವಾಡದ ಸಮೀಪದ ಹಳ್ಳಿಯ ಮನೆಯಂಗಳದಲ್ಲಿ ನಡೆದ ಮದುವೆಯೊಂದರಲ್ಲಿ ಮದುಮಗಳು ಹೊದ್ದ ಸೆರಗಿನ ಮೇಲೆ ಆನೆಗಳ ಸಾಲಿನ ಹಿಂದೆಯೇ ಒಂದು ಸೈಕಲ್ಲೂ ಹೊರಟಿತ್ತು. ಈ ಲೇಖನದ ಬಹುಪಾಲು ಆ ಸೈಕಲ್ಲಿನ ಸುತ್ತಲೇ ತಿರುಗುವುದಾದರೆ ಅದಕ್ಕೆ ಕಾರಣವಿದೆ.

ಮದುವೆ ಕಲ್ಯಾಣ ಮಂಟಪದಲ್ಲಿ ನಡೆಯಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಅಂಗಳದಲ್ಲಿ ಹಂದರ ಹಾಕಿ, ಅದರ ಕಂಬಗಳಿಗೆ ತೆಂಗಿನ ಗರಿ ಸುತ್ತಿ, ಮಾವಿನ ತಳಿರಿನ ತೋರಣದ ಕೆಳಗೆ ಮನೆಯ ಮಕ್ಕಳೇ ಬಣ್ಣದ ಕಾಗದ ಕತ್ತರಿಸಿ ಹಿಟ್ಟಿನ ಅಂಟಿನಿಂದ ದಾರಕ್ಕೆ ಮೆತ್ತಿದ ಪರಪರಿಯನ್ನು ಕಟ್ಟಲಾಗಿತ್ತು. ಬಂದವರು ಹೊಂದಿಸಿಟ್ಟ ಕುರ್ಚಿಗಳಲ್ಲಿ ವೇದಿಕೆಯತ್ತ ಮುಖ ಮಾಡಿ ಕೂರುವ ಬದಲು ಜಮಖಾನೆಯ ಮೇಲೂ ಕಟ್ಟೆಯ ಮೇಲೂ ಬೇವಿನ ನೆರಳಿನಲ್ಲೂ ತಮಗೆ ಬೇಕಾದಲ್ಲಿ ಕುಳಿತಿದ್ದರು. ಸಾಲಾಗಿ ನಿಂತು ಲಕೋಟೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಕಸರತ್ತು ಅಲ್ಲಿ ಇರಲಿಲ್ಲವಾದ್ದರಿಂದ ಮದುಮಕ್ಕಳಿಗೂ ಕುಳಿತು ಮಾತಾಡಲು ಬಿಡುವು ದೊರೆತಿತ್ತು. ಎರೆಭೂಮಿಯ, ಅಂದರೆ ತೇವವನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣಿನ, ಸೀಮೆಯಲ್ಲಿ ಮದುವೆಗಳು ವಸಂತಕ್ಕೆ ಕೂಡಿಬರುವುದು ಋತುವಿನ ಚೆಲುವಿಗಿಂತ ಹೆಚ್ಚಾಗಿ ಬೇಸಾಯದ ಲೆಕ್ಕದಿಂದ. ಹಿಂಗಾರಿನ ಬಿಳಿಜೋಳ, ಕಡಲೆ, ಗೋಧಿ ಮನೆ ಸೇರಿ, ಮುಂಗಾರಿನ ಬಿತ್ತನೆಗೆ ಇನ್ನೂ ಕಾಲವಿರುವ ಯುಗಾದಿಯಿಂದ ಬಸವ ಜಯಂತಿಯವರೆಗಿನ ಈ ದಿನಗಳಲ್ಲಿ ಕೈಯಲ್ಲಿ ಧಾನ್ಯವೂ ಇರುತ್ತದೆ, ಮೈಯಲ್ಲಿ ಬಿಡುವೂ ಇರುತ್ತದೆ. ಬಸವ ಜಯಂತಿಯ ದಿನವೇ ಬೀಳುವ ಅಕ್ಷಯ ತದಿಗೆಗೆ ಬೇರೆ ಮುಹೂರ್ತ ನೋಡಬೇಕಾಗಿಲ್ಲವೆಂಬ ನಂಬಿಕೆ ಇರುವುದರಿಂದ ಪಂಚಾಂಗದ ಕಟ್ಟೂ ಅಂದು ಸಡಿಲಾಗುತ್ತದೆ.

ಸೀರೆಯ ವಿಷಯಕ್ಕೆ ಬಂದರೆ, ಇಳಕಲ್ ಸೀರೆ ತನ್ನ ರಚನೆಯಲ್ಲೇ ಒಬ್ಬಳಿಗೆಂದು ಒಂದೊಂದಾಗಿ ಸಿದ್ಧವಾಗುವ ಬಟ್ಟೆ. ಬೇರೆ ಮಗ್ಗಗಳಲ್ಲಿ ಹಾಸನ್ನು, ಅಂದರೆ ಉದ್ದಕ್ಕೆ ಬಿಗಿಯುವ ನೂಲನ್ನು, ಒಮ್ಮೆ ಹೂಡಿದರೆ ಅದೇ ಹಾಸಿನ ಮೇಲೆ ಸಾಲುಸಾಲಾಗಿ ಹಲವು ಸೀರೆಗಳನ್ನು ನೇಯ್ದು ಕತ್ತರಿಸಿಕೊಳ್ಳಬಹುದು. ಇಳಕಲ್ಲಿನಲ್ಲಿ ಹಾಗಾಗದು, ಒಡಲಿನ ಹತ್ತಿಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆಯಾಗಿದ್ದು, ಒಂದರ ಕೊನೆಯ ಕುಣಿಕೆಗಳೊಳಗೆ ಇನ್ನೊಂದರ ಕುಣಿಕೆಗಳನ್ನು ಎಳೆಗೆ ಎಳೆ ಸಿಕ್ಕಿಸಿ ಜೋಡಿಸಬೇಕಾಗುತ್ತದೆ. ಕೊಂಡಿ ಎಂದು ಹೆಸರಾದ ಈ ಜೋಡಣೆಯ ಕಾರಣದಿಂದ ಆರು, ಎಂಟು ಅಥವಾ ಒಂಬತ್ತು ಗಜದ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿ ಹೂಡುವುದು ಅನಿವಾರ್ಯ. ಕೆಂಪು ಸೆರಗಿನಲ್ಲಿ ಬಿಳಿಯ ಮೊನೆಗಳು ಸಾಲಾಗಿ ಏಳುವ ಟೋಪತೆನಿ ವಿನ್ಯಾಸ ಇದರ ಗುರುತು. ಬಾಚಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ, ಜೋಳದ ತೆನೆಯಂತೆ, ಬೆಟ್ಟದ ಸಾಲಿನಂತೆ ಅದರ ಮೊನೆಗಳ ಆಕಾರ ಬದಲಾಗುತ್ತದೆ. ಹೀಗೆ ಮಗ್ಗದಲ್ಲೇ ಒಂಟಿಯಾಗಿ ಹುಟ್ಟುವ ಸೀರೆಗೆ ಉಡುವವಳ ಗುರುತನ್ನು ಸೇರಿಸುವ ಕೆಲಸ ಕಸೂತಿಯದು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗೆರೆಗಳಿಂದ ಆಕೃತಿಯ ಹೊರರೇಖೆಯನ್ನು ಮೂಡಿಸುವುದು ಗವಂತಿ. ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತ ಸಾಗುವುದು ಮುರ್ಗಿ. ಉದ್ದಗಿಡ್ಡ ಹೊಲಿಗೆಗಳಿಂದ ನೇಯ್ದ ಬಟ್ಟೆಯ ಭ್ರಮೆ ಹುಟ್ಟಿಸುವುದು ನೇಗಿ. ಮೆಂತ್ಯದ ಕಾಳು ಚೆಲ್ಲಿದಂತೆ ಅಡ್ಡಕತ್ತರಿಯಾಗಿ ತುಂಬುತ್ತ ಹೋಗುವುದು ಮೆಂತೆ. ಬಟ್ಟೆಯ ಮೇಲೆ ಸೀಸದ ಗೆರೆಯಾಗಲಿ, ಅಚ್ಚಾಗಲಿ ಹಾಕುವ ರೂಢಿ ಇಲ್ಲಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿ, ಮೂರೋ ನಾಲ್ಕೋ ಎಳೆಗೊಂದರಂತೆ ಸೂಜಿ ಚುಚ್ಚುವುದರಿಂದ ಗೆರೆ ಅಡ್ಡಕ್ಕೆ, ಉದ್ದಕ್ಕೆ ಅಥವಾ ಓರೆಗೆ ಮಾತ್ರ ಓಡಬಲ್ಲದು, ಬಳುಕುವಂತಿಲ್ಲ. ಆದ್ದರಿಂದಲೇ ಕಸೂತಿಯ ನವಿಲಿಗೆ ಮೂಲೆಗಳಿವೆ, ಆನೆಯ ಬೆನ್ನು ಮೆಟ್ಟಿಲಾಗಿದೆ, ಪ್ರಸ್ತುತ ಸೈಕಲ್ಲಿನ ಗಾಲಿಗಳು ಎಂಟು ಮೂಲೆಯವಾಗಿವೆ.

ಆ ಸೈಕಲ್ ಸೆರಗಿನ ಕೆಳಮೂಲೆಯಲ್ಲಿತ್ತು, ಕಿತ್ತಳೆ ಬಣ್ಣದ ನೂಲಿನದು, ಒಂದು ಹೆಬ್ಬೆರಳಿನಷ್ಟು ಎತ್ತರದ್ದು. ಮದುಮಗಳು ಹೈಸ್ಕೂಲಿಗೆ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದ ನೆನಪಿಗೆ ಅವಳ ಸೋದರತ್ತೆ ಅದನ್ನು ಹಾಕಿದ್ದರು. ಎಂಟು ಗೆರೆಯ ಎರಡು ಗಾಲಿಗಳು, ನಡುವೆ ಓರೆಗೆರೆಗಳ ಚೌಕಟ್ಟು, ಮುಂದೆ ಒಂದೇ ಹೊಲಿಗೆಯ ಹ್ಯಾಂಡಲ್ ಇವಿಷ್ಟು ಕೂಡಿ ಸೈಕಲ್ಲಾಗಿದ್ದವು. ಹ್ಯಾಂಡಲ್ಲಿನಿಂದ ಬಿಡಿಯಾಗಿ ಒಂದು ಪುಟ್ಟ ಹಸಿರು ಚೌಕ ತೇಲುತ್ತಿತ್ತು, ಅದು ಗಂಟೆ. ಸೆರಗನ್ನು ತಿರುವಿ ಹಾಕಿದಾಗ ಹಿಂಬದಿಯಲ್ಲೂ ಅದೇ ಸೈಕಲ್, ಅದೇ ಅಚ್ಚುಕಟ್ಟಿನಲ್ಲಿ, ಬೇರೆ ದಿಕ್ಕಿಗೆ ಮುಖ ಮಾಡಿ ಹೊರಟಿತ್ತು. ಗಂಟು ಎಲ್ಲಿಯೂ ಇರಲಿಲ್ಲ, ಒಂದು ಗೆರೆಯಿಂದ ಇನ್ನೊಂದಕ್ಕೆ ನೂಲು ಹಾರಿದ ಗುರುತೂ ಇರಲಿಲ್ಲ. ಸೆರಗನ್ನು ತಲೆಯ ಮೇಲೆ ಹೊದೆಯುವ ಸೀಮೆಯಲ್ಲಿ ಬಟ್ಟೆಯ ಎರಡೂ ಮುಖಗಳು ನೋಡುವವರ ಕಣ್ಣಿಗೆ ಬೀಳುವುದರಿಂದ ಗವಂತಿ ಮತ್ತು ಮುರ್ಗಿಗಳಲ್ಲಿ ಈ ಕಟ್ಟುನಿಟ್ಟು ಬೆಳೆದಿರಬೇಕು.

ಇದು ಸಾಧ್ಯವಾಗುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸೂಜಿ ಒಂದು ಹೊಲಿಗೆಯನ್ನು ಬಟ್ಟೆಯ ಮೇಲೆ ಹಾಕಿದರೆ ಮುಂದಿನದನ್ನು ಕೆಳಗೆ ಹಾಕಲೇಬೇಕು, ಬೇರೆ ದಾರಿ ಅದಕ್ಕಿಲ್ಲ. ಹೀಗೆ ಹೋಗುವಾಗ ಆಕೃತಿಯ ಒಂದು ಗೆರೆ ಮೇಲೆ ತುಂಬಿ ಮತ್ತೊಂದು ಖಾಲಿ ಉಳಿಯುತ್ತದೆ. ಬರುವಾಗ ಖಾಲಿ ಉಳಿದವು ತುಂಬಿಕೊಂಡು ಎರಡೂ ಬದಿಗಳು ಸಮನಾಗುತ್ತವೆ. ಸಾದಾ ಗೆರೆಗೆ ಇಷ್ಟು ಸಾಕು. ಗೆರೆಗಳು ಕವಲೊಡೆದು ಮತ್ತೆ ಕೂಡುವ ಗೋಪುರದಂಥ ಆಕೃತಿಯಲ್ಲಿ ಎಲ್ಲಿ ಮುಂದೆ ಹೋಗಬೇಕು, ಎಲ್ಲಿ ಕವಲಿಗೆ ತಿರುಗಬೇಕು, ಎಲ್ಲಿ ಹಿಂದಿರುಗಬೇಕು ಎಂಬುದನ್ನು ಸೂಜಿ ಹಿಡಿದವಳು ಮೊದಲೇ ತಲೆಯಲ್ಲಿ ಹೂಡಿಕೊಂಡಿರಬೇಕು. ಒಂದು ತಿರುವು ತಪ್ಪಿದರೆ ಎಲ್ಲೋ ಒಂದು ಗೆರೆ ಒಂದೇ ಬದಿಯಲ್ಲಿ ಎರಡು ಬಾರಿ ಬಿದ್ದು ಇನ್ನೊಂದು ಬದಿಯಲ್ಲಿ ಕಿಂಡಿ ಉಳಿಯುತ್ತದೆ, ಬಿಚ್ಚದೆ ಗತಿಯಿಲ್ಲ.

ಗಣಿತಜ್ಞ ಆಯ್ಲರ್ 1736ರಲ್ಲಿ ಕೊನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಕುರಿತು ಕೇಳಿಕೊಂಡ ಪ್ರಶ್ನೆ ಇದರ ನೆರೆಯದೇ ಆಗಿದೆ. ಪ್ರತಿ ಸೇತುವೆಯನ್ನೂ ಒಂದೇ ಬಾರಿ ದಾಟಿ ಊರನ್ನೆಲ್ಲ ಸುತ್ತಿ ಬರಲಾದೀತೇ ಎಂಬುದು ಆ ಪ್ರಶ್ನೆ. ಹೊರಟಲ್ಲಿಗೇ ಮರಳಬೇಕಾದರೆ ಪ್ರತಿ ಕೂಡುದಾಣದಲ್ಲೂ ಸಮಸಂಖ್ಯೆಯ ದಾರಿಗಳು ಕೂಡಬೇಕು, ಕೊನಿಗ್ಸ್‌ಬರ್ಗಿನಲ್ಲಿ ಹಾಗಿಲ್ಲದ್ದರಿಂದ ಅದು ಆಗದು ಎಂಬುದು ಅವನ ಉತ್ತರ. ಕಸೂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಬಾರಿ, ಅಂದರೆ ಮೇಲೊಮ್ಮೆ ಕೆಳಗೊಮ್ಮೆ, ನಡೆಯಬೇಕಾದ್ದರಿಂದ ಪ್ರತಿ ಮೂಲೆಯಲ್ಲೂ ದಾರಿಗಳ ಲೆಕ್ಕ ತಾನಾಗಿಯೇ ಸಮವಾಗುತ್ತದೆ. ಕೊನಿಗ್ಸ್‌ಬರ್ಗಿಗೆ ಒಲಿಯದ ಸುತ್ತಾಟ ಇಳಕಲ್ ಸೆರಗಿಗೆ ಒಲಿಯುವುದು ಹೀಗೆ. ಮೇಲೆ ಕೆಳಗೆ ಎಂಬ ಸರದಿಯನ್ನೂ ತಪ್ಪದೆ ಪಾಲಿಸಬೇಕೆಂಬ ಹೆಚ್ಚಿನ ಷರತ್ತು ಇದ್ದಾಗಲೂ, ಗೆರೆಗಳೆಲ್ಲ ಒಂದಕ್ಕೊಂದು ತಾಕಿಕೊಂಡಿರುವ ಯಾವ ಆಕೃತಿಯನ್ನಾದರೂ ಒಂದೇ ನೂಲಿನಲ್ಲಿ ಹೊಲಿದು ಹೊರಟ ರಂಧ್ರಕ್ಕೇ ಮರಳಬಹುದೆಂದು ತೋರಿಸಲು ಸಾಧ್ಯ. ಹಸಿರು ಗಂಟೆಗೆ ಬೇರೆ ನೂಲು ಬೇಕಾದದ್ದು ಬಣ್ಣದ ಕಾರಣಕ್ಕಷ್ಟೇ ಆಗಿರಲಿಲ್ಲ. ಹ್ಯಾಂಡಲ್ಲಿಗೆ ತಾಕದ ಗಂಟೆಯನ್ನು ಕಿತ್ತಳೆ ನೂಲು ಮುಟ್ಟಬೇಕಾದರೆ ಹಾರಲೇಬೇಕಿತ್ತು, ಹಾರುವುದು ಕಸೂತಿಯಲ್ಲಿ ನಿಷಿದ್ಧ.

ಇನ್ನೂ ಒಂದು ಸೂಕ್ಷ್ಮವನ್ನು ಬಿಡಲು ಮನಸ್ಸಾಗದು. ಬದಿಗೆ ಒಂದೊಂದು ಹೊಲಿಗೆಯ ತ್ರಿಕೋನವನ್ನು ಮುಗಿಸಲು ಅದೇ ದಿಕ್ಕಿನಲ್ಲಿ ಎರಡು ಸುತ್ತು ಬಂದರೆ ಸಾಕು, ಏಕೆಂದರೆ ಮೊದಲ ಸುತ್ತಿನಲ್ಲಿ ಮೇಲೆ, ಕೆಳಗೆ, ಮೇಲೆ ಎಂದು ಬಿದ್ದ ಹೊಲಿಗೆಗಳು ಎರಡನೆಯ ಸುತ್ತಿನಲ್ಲಿ ಕೆಳಗೆ, ಮೇಲೆ, ಕೆಳಗೆ ಎಂದು ಬೀಳುತ್ತವೆ. ಚೌಕದಲ್ಲಿ ಈ ಉಪಾಯ ನಡೆಯದು. ನಾಲ್ಕು ಸಮಸಂಖ್ಯೆಯಾದ್ದರಿಂದ ಎರಡನೆಯ ಸುತ್ತಿನಲ್ಲೂ ಹೊಲಿಗೆಗಳು ಮೊದಲಿನ ಜಾಗದಲ್ಲೇ ಬಿದ್ದು ಕಿಂಡಿಗಳು ಹಾಗೆಯೇ ಉಳಿಯುತ್ತವೆ, ಆದ್ದರಿಂದ ಒಂದು ಸುತ್ತು ಮುಗಿದೊಡನೆ ತಿರುಗಿ ಬಂದ ದಾರಿಯಲ್ಲೇ ಹಿಂದೆ ನಡೆಯಬೇಕು. ಎಂಟು ಗೆರೆಯ ಗಾಲಿಗೂ ಇದೇ ನಿಯಮ. ಸೈಕಲ್ಲನ್ನು ಹೊಲಿದ ಸೋದರತ್ತೆ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಗಾಲಿಯನ್ನು ಹೇಗೆ ತಿರುಗಿಸಿದಿರೆಂದು ಮದುವೆಗೆ ಬಂದ ಹುಡುಗಿಯೊಬ್ಬಳು ಕೇಳಿದಾಗ, ಜೋಡಿ ಮನೆ ಇದ್ದಲ್ಲಿ ಬಂದ ಹಾದಿ ಹಿಡಿಯಬೇಕು, ಒಂಟಿ ಮನೆ ಇದ್ದಲ್ಲಿ ಇನ್ನೊಂದು ಸುತ್ತು ಹೊಡೆಯಬೇಕು ಎಂದಷ್ಟೇ ಹೇಳಿ ಶಾವಿಗೆಯ ಪಾತ್ರೆಯ ಕಡೆಗೆ ಹೊರಟುಹೋದರು. ಒಂದು ಪುಟ ತುಂಬುವ ವಿವರಣೆಯನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದ್ದರು.

ಇತಿಹಾಸದ ಬಗ್ಗೆ ಕರಪತ್ರಗಳೂ ಮಳಿಗೆಗಳ ಫಲಕಗಳೂ ಹೇಳುವ ಮಾತುಗಳನ್ನು ತುಸು ಎಚ್ಚರದಿಂದ ಓದುವುದು ಒಳ್ಳೆಯದು. ಕಸೂತಿಯನ್ನು ನೇರವಾಗಿ ಚಾಲುಕ್ಯರ ಕಾಲಕ್ಕೆ ಒಯ್ಯುವ ಉತ್ಸಾಹ ಎಲ್ಲೆಡೆ ಕಾಣುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಇಳಕಲ್ಲಿಗೆ ಹತ್ತಿರವಿರುವುದು ನಿಜ, ಗುಡಿಯ ಶಿಖರಗಳು ಸೆರಗಿನ ಗೋಪುರಗಳನ್ನು ನೆನಪಿಸುವುದೂ ನಿಜ, ಆದರೆ ಹತ್ತಿ ಬಟ್ಟೆ ಶತಮಾನಗಳನ್ನು ದಾಟಿ ಉಳಿಯುವುದಿಲ್ಲವಾದ್ದರಿಂದ ಈ ಹೋಲಿಕೆಯನ್ನು ಸಾಕ್ಷ್ಯವೆಂದು ಕರೆಯಲಾಗದು. ಇದೇ ಜಾತಿಯ ಹೊಲಿಗೆ ಯುರೋಪಿನಲ್ಲೂ ಇದೆ. ಹದಿನಾರನೆಯ ಶತಮಾನದ ಇಂಗ್ಲೆಂಡಿನ ಆಸ್ಥಾನದಲ್ಲಿ ಬಿಳಿಯ ಬಟ್ಟೆಯ ಮೇಲೆ ಕಪ್ಪು ರೇಷ್ಮೆಯಿಂದ ಹಾಕುತ್ತಿದ್ದ ಆ ಹೊಲಿಗೆಯನ್ನು ಚಿತ್ರಕಾರ ಹಾನ್ಸ್ ಹೋಲ್ಬೈನ್ ತಾನು ಬರೆದ ಭಾವಚಿತ್ರಗಳ ತೋಳಂಚುಗಳಲ್ಲಿ ಎಷ್ಟು ನಿಖರವಾಗಿ ತೋರಿಸಿದನೆಂದರೆ, ಹೊಲಿಗೆಗೇ ಅವನ ಹೆಸರು ಅಂಟಿಕೊಂಡಿತು. ಎರಡರ ನಡುವೆ ಕೊಡುಕೊಳ್ಳುವಿಕೆಯನ್ನು ಹುಡುಕಬೇಕಾದ ಅಗತ್ಯವೇನೂ ಇಲ್ಲ. ಎಳೆ ಎಣಿಸಿ, ಎರಡೂ ಬದಿ ಚೆನ್ನಾಗಿರಲಿ ಎಂದು ಹೊರಟವರೆಲ್ಲ ಇದೇ ದಾರಿಗೆ ಬಂದು ಸೇರುತ್ತಾರೆ.

ಕಸೂತಿ ಹಾಕಲು ಎಲ್ಲಕ್ಕಿಂತ ಒಪ್ಪುವ ಸೀರೆ ಚಂದ್ರಕಾಳಿ, ಅಂದರೆ ಅಚ್ಚಗಪ್ಪು ಅಥವಾ ಕಡುನೀಲಿ ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ. ಶುಭಕಾರ್ಯಕ್ಕೆ ಕಪ್ಪು ಕೂಡದೆಂದು ಮದುವೆಗೆ ಬಂದ ದಕ್ಷಿಣದ ಬೀಗರು ಹುಬ್ಬೇರಿಸಬಹುದಾದರೂ, ಮದುಮಗಳಿಗೆ ಕೊಡುವ ಸೀರೆಗಳ ಗಂಟಿನಲ್ಲಿ ಕಸೂತಿಯ ಚಂದ್ರಕಾಳಿ ಇರಲೇಬೇಕೆಂಬುದು ಈ ಸೀಮೆಯ ಹಳೆಯ ಪದ್ಧತಿ. ಧಾರೆಯ ಹೊತ್ತಿಗೆ ಉಡಲು ಗಿರಿಕುಂಕುಮವೆಂಬ ಕುಂಕುಮಗೆಂಪಿನ ಸೀರೆ ಬೇರೆಯೇ ಇದೆ. ಆದ್ದರಿಂದ ಈ ಹಂದರದಲ್ಲಿಯೂ ತಾಳಿ ಕಟ್ಟುವಾಗ ಗಿರಿಕುಂಕುಮ, ಊಟದ ಹೊತ್ತಿಗೆ ಚಂದ್ರಕಾಳಿ ಎಂದು ಪಾಲಾಗಿತ್ತು. ರವಿಕೆ ಮಾತ್ರ ಎರಡಕ್ಕೂ ಒಂದೇ, ಗುಳೇದಗುಡ್ಡದ ಖಣದ್ದು, ಅಂದರೆ ರವಿಕೆಗೆಂದೇ ನೇಯುವ, ಒತ್ತಾದ ಸಣ್ಣ ವಿನ್ಯಾಸಗಳ ಮಿರುಗುವ ಬಟ್ಟೆಯದು. ಬಣ್ಣಗಳು ಒಂದಕ್ಕೊಂದು ಹೊಂದಬೇಕೆಂಬ ಚಿಂತೆಯನ್ನು ಯಾರೂ ಹಚ್ಚಿಕೊಂಡಿರಲಿಲ್ಲವಾದರೂ ಗಿಳಿಹಸಿರು, ದಾಳಿಂಬೆಗೆಂಪು, ಅರಿಶಿನ ಎಲ್ಲವೂ ಆ ಬಿಸಿಲಿನಲ್ಲಿ ಹೊಂದಿಕೊಂಡೇ ಇದ್ದವು. ಒಂದೇ ಬಣ್ಣದ ಉಡುಪಿನಲ್ಲಿ ಎರಡೂ ಕಡೆಯವರನ್ನು ನಿಲ್ಲಿಸುವ ಈಚಿನ ಷೋಕಿಗಿಂತ ಇದು ಎಷ್ಟೋ ವಾಸಿ ಎನ್ನದೆ ವಿಧಿಯಿಲ್ಲ.

ಮನೆಯಲ್ಲೇ ಮಾಡಿದ ಇನ್ನಿತರ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ಮದುವೆಗೆ ವಾರಗಳ ಮೊದಲೇ ಹೆಂಗಸರು ಕೂಡಿ ಶಾವಿಗೆ ಮಣೆಯ ಮೇಲೆ ಗೋಧಿಯ ಕಣಕವನ್ನು ತೀಡಿ ಎಳೆ ತೆಗೆದು, ಕೋಲುಗಳ ಮೇಲೆ ಇಳಿಬಿಟ್ಟು ಒಣಗಿಸಿದ್ದರು. ಹಪ್ಪಳ ಸಂಡಿಗೆಗಳಿಗೆ ಬೇಸಗೆಯ ಬಿಸಿಲು ಹೇಗೂ ಇದ್ದೇ ಇತ್ತು. ಕುಂಬಾರರ ಮನೆಯಿಂದ ಸುಣ್ಣ, ಕೆಮ್ಮಣ್ಣುಗಳ ಚಿತ್ತಾರ ಬರೆದ ಮಡಕೆಗಳನ್ನು ವಾದ್ಯದೊಡನೆ ತರಲಾಯಿತು. ಇವುಗಳಿಗೆ ಐರಣಿ ಎಂದು ಹೆಸರು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಅವುಗಳ ಸುತ್ತ ಹಸಿನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯುವ ಸುರಗಿಯೂ ನಡೆಯಿತು. ಹೆಣ್ಣಿನ ಕಡೆಯವರು ತಮ್ಮ ಕೈಚಳಕ ತೋರಲು ಉಂಡಿ, ಚಕ್ಕುಲಿ, ಬಣ್ಣ ಹಚ್ಚಿದ ಸಂಡಿಗೆಗಳಿಂದ ಗುಡಿ, ತೊಟ್ಟಿಲು, ತೇರುಗಳನ್ನು ಕಟ್ಟಿ ಹರಿವಾಣಗಳಲ್ಲಿ ಪ್ರದರ್ಶನಕ್ಕಿಡುವ ರುಖವತದಲ್ಲಿ, ಯಾರೋ ಸೈಕಲ್ಲಿನ ಸುದ್ದಿ ತಿಳಿದು ಎರಡು ಚಕ್ಕುಲಿಗಳನ್ನು ಕಡ್ಡಿಯಿಂದ ಜೋಡಿಸಿ ಇಟ್ಟಿದ್ದರು. ಅದನ್ನು ಊಟಕ್ಕೆ ಮುಂಚೆಯೇ ಮಕ್ಕಳು ತಿಂದು ಮುಗಿಸಿದರು. ಊಟಕ್ಕೆ ಗೋಧಿ ಹುಗ್ಗಿ, ರೊಟ್ಟಿ, ಬದನೆಕಾಯಿ ಎಣಗಾಯಿ.

ಸರಳ ಮದುವೆ ಎಂದೊಡನೆ ಕನ್ನಡಿಗರಿಗೆ ಕುವೆಂಪು ಅವರ ಮಂತ್ರ ಮಾಂಗಲ್ಯ ನೆನಪಾಗುತ್ತದೆ. ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ 1966ರಲ್ಲಿ ಆ ರೀತಿಯಲ್ಲಿ ನಡೆದು ಹಲವರಿಗೆ ಮೇಲ್ಪಂಕ್ತಿಯಾಯಿತು. ಅದರ ಸರಳತೆ ವಿಚಾರದಿಂದ ಬಂದದ್ದು, ಪುರೋಹಿತಶಾಹಿ ಮತ್ತು ದುಂದುವೆಚ್ಚಗಳಿಗೆ ಎದುರಾಗಿ ನಿಂತದ್ದು. ಇಲ್ಲಿ ಕಂಡ ನಿರಾಳತೆಗೆ ಅಂಥ ಯಾವ ವಾದವೂ ಇರಲಿಲ್ಲ, ಆಚರಣೆಗಳನ್ನೂ ಅದು ಬಿಟ್ಟುಕೊಟ್ಟಿರಲಿಲ್ಲ. ಹಾಗೆಂದು ಇದನ್ನು ಅಗ್ಗದ ಮದುವೆ ಎಂದು ತಿಳಿಯುವುದೂ ಸರಿಯಲ್ಲ, ಏಕೆಂದರೆ ಹೆಂಗಸರು ತಿಂಗಳುಗಟ್ಟಲೆ ಕುಳಿತು ಹೊಲಿದ, ತೀಡಿದ, ಕಟ್ಟಿದ ದುಡಿಮೆಗೆ ಕೂಲಿ ಹಾಕಿದರೆ ಮಂಟಪದ ಬಾಡಿಗೆಯೇ ಹಗುರವೆನಿಸಬಹುದು. ಮನೆಗೆಲಸವೆಂಬ ಹೆಸರಿನಲ್ಲಿ ಈ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಇದೇ ಪ್ರಶ್ನೆ ಮಾರುಕಟ್ಟೆಯಲ್ಲಿ ಇನ್ನಷ್ಟು ಕಟುವಾಗುತ್ತದೆ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಸರಕನ್ನು ಅದರ ಹುಟ್ಟೂರಿಗೆ ಕಟ್ಟಿಹಾಕುವ ಕಾನೂನಿನ ರಕ್ಷಣೆ, ದೊರೆತಿದೆ. ಆದರೂ ವಿದ್ಯುತ್ ಮಗ್ಗದ ಸೀರೆಯ ಮೇಲೆ ಯಂತ್ರ ಹೊಲಿದ ಗೋಪುರಗಳೂ, ಹೊಲಿಯದೆ ಬರೀ ಅಚ್ಚೊತ್ತಿದ ಆನೆಗಳೂ ಅದೇ ಹೆಸರಿನಲ್ಲಿ ಬಿಕರಿಯಾಗುತ್ತಿವೆ. ಗುರುತಿಸುವುದು ಕಷ್ಟವಲ್ಲ: ಸೆರಗನ್ನು ತಿರುವಿ ನೋಡಿದರೆ ಯಂತ್ರದ ಕೆಲಸದಲ್ಲಿ ಕೆಳನೂಲಿನ ಬಿಳಿ ಗೋಜಲು ಕಾಣುತ್ತದೆ, ಅಚ್ಚಿನಲ್ಲಿ ಬಣ್ಣ ಮಸುಕಾಗಿರುತ್ತದೆ, ಕೈಕೆಲಸದ ಗವಂತಿಯಲ್ಲಿ ಎದುರಿನದೇ ಆಕೃತಿ ಮರಳಿ ಸಿಗುತ್ತದೆ. ನೇಗಿ ಮತ್ತು ಮೆಂತೆಗಳಲ್ಲಿ ಮಾತ್ರ ಹಿಂಬದಿ ಬೇರೆಯಾಗಿಯೇ ಇರುವುದರಿಂದ ಆ ಪರೀಕ್ಷೆಯನ್ನು ಅವುಗಳಿಗೆ ಅನ್ವಯಿಸಿ ಹೊಲಿದವರನ್ನು ದೂರಬಾರದು. ಎಳೆ ಎಣಿಸಲಾಗದಷ್ಟು ನವಿರಾದ ರೇಷ್ಮೆಯ ಮೇಲೆ ಕಸೂತಿ ಬೇಕೆಂದವರಿಗೆ ಜಾಲರಿಯಂಥ ಕ್ಯಾನ್ವಾಸನ್ನು ಮೇಲಿಟ್ಟು ಹೊಲಿದು, ಆಮೇಲೆ ಅದರ ದಾರಗಳನ್ನು ಒಂದೊಂದಾಗಿ ಎಳೆದು ತೆಗೆಯುವ ರೂಢಿಯೂ ಇದೆ. ಅದು ಮೋಸವಲ್ಲ, ಆದರೆ ಹೊಲಿಗೆ ಬಟ್ಟೆಯೊಳಗೆ ಕೂರುವ ಬದಲು ಬಟ್ಟೆಯ ಮೇಲೆ ಕುಳಿತಂತೆ ತುಸು ಸಡಿಲಾಗಿ ಕಾಣುತ್ತದೆ. ಹತ್ತಿಯ ಒಡಲಿನ ಸೀರೆಯನ್ನೇ ಆರಿಸಿ, ಯಾವ ಆಕೃತಿ ಬೇಕೆಂಬುದನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಟ್ಟು, ಮುಂಗಡದೊಡನೆ ಸಾಕಷ್ಟು ಸಮಯವನ್ನೂ ಕೊಡುವವರ ಕೆಲಸವನ್ನು ಹೊಲಿಯುವವರು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ. ಚೈತ್ರದ ಮದುವೆಯ ಸೆರಗಿಗೆ ದಸರೆಯ ಹೊತ್ತಿಗಾದರೂ ಸೂಜಿ ಬೀಳಬೇಕು, ಗಂಟೆಯನ್ನು ಹ್ಯಾಂಡಲ್ಲಿಗೆ ತಾಕಿಸಿ ಬರೆದರೆ ಇನ್ನೂ ಅನುಕೂಲ.